ಮೊದ್ಲ ಇತ್ರಿ

ಹುಬ್ಬಳ್ಳಿಯ ಆ ಗ್ಯಾರೇಜಿನ ಮ್ಯಾನೇಜರ್ ಮೇಲೆ ಡ್ರೈವರ್ ರೇವಣಸಿದ್ದನಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಹೋದ ಸಲ ಸರ್ವಿಸಿಗೆ ಬಿಟ್ಟಾಗ ಸಾಹುಕಾರರ ಹೊಸ ಕಾರಿನ ಗಾಲಿಗೆ ಗೀರು ಬಿದ್ದಿತ್ತು. ಆಸಾಮಿ ಬಗ್ಗಿಯೂ ನೋಡದೆ "ಅದು ಮೊದ್ಲ ಇತ್ರಿ" ಅಂದಿದ್ದ. ಬೈಸಿಕೊಂಡವನು ರೇವಣಸಿದ್ದ.

ಈ ಸಲ ಕಾರು ಒಳಗೆ ನಿಲ್ಲಿಸಿ ಕೀಲಿ ಕೊಟ್ಟವನೇ, ಹಣೆಯ ವಿಭೂತಿಯನ್ನು ಬೆರಳಿಗೆ ತಗೊಂಡು ಗಾಲಿಯ ಮೇಲೊಂದು ಗೆರೆ ಎಳೆದ. ಆಮೇಲೆ ಕೂಗಿದ.

"ಸಾಹೇಬ್ರ, ಆಗ್ಲೇ ಗೀರು ಬಿದ್ದೈತಲ್ರೀ!"

"ಅದು ಮೊದ್ಲ ಇತ್ರಿ. ಗೇಟಿನಾಗ ಬರುವಾಗ್ಲೇ ಕಣ್ಣಾರೆ ನೋಡೀನಿ."

ರೇವಣಸಿದ್ದ ಟವೆಲಿನಿಂದ ಒರೆಸಿದ. ಗೀರು ಮಾಯ.

"ನನ್ನ ಹಣಿ ಮ್ಯಾಲಿನ ವಿಭೂತಿ ರೀ ಇದು. ಈಗಷ್ಟ ಹಚ್ಚೀನಿ."

ಕಾಯುತ್ತ ಕೂತಿದ್ದ ಗಿರಾಕಿಗಳು ಗೊಳ್ಳೆಂದು ನಕ್ಕರು. ನಗು ನಿಂತದ್ದೇ ತಡ, ಒಬ್ಬೊಬ್ಬರಾಗಿ ತಮ್ಮ ತಮ್ಮ ಗಾಲಿ ನೋಡಲು ಎದ್ದರು.