ಉಕ್ಕಿದ ಹಾಲು

"ಗುರುಗಳೇ, ಬೀದಿಯಲ್ಲಿ ಬಾಳಿದವರು ಮನೆಯಲ್ಲಿ ಬಾಳಲು ಯೋಗ್ಯರಾದರೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ನೆಲೆಯಿಲ್ಲದವರಿಗೆಂದು ಮಠ ಆರು ಮನೆಗಳನ್ನು ಕಟ್ಟಿಸಿತ್ತು. ಅವುಗಳ ಉಸ್ತುವಾರಿ ಈ ಶಿಷ್ಯನದು. ಮನೆ ಕೇಳಿ ಬಂದವರಿಗೆಲ್ಲ ಅವನು ಒಂದು ವರ್ಷದಿಂದ ಪಾಠ ಹೇಳುತ್ತಿದ್ದ. ಯಾರೂ ಇನ್ನೂ ಯೋಗ್ಯರಾಗಿಲ್ಲವೆಂದು ಆರು ಮನೆಗಳಿಗೂ ಬೀಗ ಹಾಕಿತ್ತು. ಬೀಗದ ಕೈಗಳ ಗೊಂಚಲು ಅವನ ಸೊಂಟದಲ್ಲಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಮನೆಯನ್ನು ಹೊಳೆ ಕೊಂಡೊಯ್ದಿತ್ತು. ಹನ್ನೊಂದು ವರ್ಷ ಅವಳು ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಮಲಗಿದಳು. ಮೂರು ಕಲ್ಲು ಹೂಡಿ, ಸಂತೆಯಲ್ಲಿ ಬಿದ್ದ ಪುಳ್ಳೆ ಆಯ್ದು, ಅನ್ನ ಮಾಡಿಕೊಂಡಳು. ಎಷ್ಟೋ ಸಲ ಕಾವಲಿನವರು ಬಂದು ಗಡಿಗೆಯನ್ನು ಒದ್ದರು. ಅವಳು ಕಲ್ಲುಗಳನ್ನು ಮತ್ತೆ ಜೋಡಿಸಿದಳು. ಗಾಳಿಗೆ ಬೆನ್ನು ಕೊಟ್ಟು, ಸೆರಗು ಅಡ್ಡ ಹಿಡಿದು, ಬೆಂಕಿ ಆರದಂತೆ ನೋಡಿಕೊಂಡಳು.

ಅದೇ ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ನೆಲೆಯಿಲ್ಲದವರಿಗಾಗಿ ಅವನು ಎಂಟು ಮನೆಗಳನ್ನು ಕಟ್ಟಿಸಿದ. ಒಳ್ಳೆಯ ಮನೆಗಳು. ಅದರಲ್ಲಿ ಮೋಸವಿಲ್ಲ. ವಾಲಗ ಊದಿಸಿದ. ಊರಿನ ದೊಡ್ಡವರನ್ನೆಲ್ಲ ಕರೆದು ಊಟ ಹಾಕಿಸಿದ. ಅವನ ಹೆಂಡತಿ ಪಟ್ಟೆಸೀರೆಯುಟ್ಟು ಎಂಟು ಮನೆಗಳಲ್ಲಿಯೂ ಹಾಲುಕ್ಕಿಸಿದಳು. ಆಮೇಲೆ ಎಂಟಕ್ಕೂ ಬೀಗ ಬಿತ್ತು.

ಬೀದಿಯವರಿಗೆ ಏಕಾಏಕಿ ಮನೆ ಕೊಟ್ಟರೆ ಹಾಳುಗೆಡವುತ್ತಾರೆ, ಮೊದಲು ಮನೆಯಲ್ಲಿರುವುದನ್ನು ಕಲಿಯಲಿ ಎಂದ ವರ್ತಕ. ಕಲಿಸಲು ಒಬ್ಬ ಪಾರುಪತ್ಯಗಾರನನ್ನು ನೇಮಿಸಿದ. ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಇಲ್ಲಿ ಕೊಡುವವನೇ ಪಡೆಯುವವರ ಹಲ್ಲು ಎಣಿಸಲು ಕೂತ.

ಕಲಿಯುವವರಿಗೆ ಇರಲು ಒಂದು ಛತ್ರವಿತ್ತು. ಹೆಂಗಸು ಅಲ್ಲಿಗೆ ಸೇರಿದಳು. ಎರಡು ವರ್ಷ ಕಲಿತಳು. ಏನು ಕಲಿಸಿದರು? ಮಳೆಗಾಳಿಯಲ್ಲಿ ಒಲೆ ಹೂಡಿದವಳಿಗೆ ಒಲೆ ಹಚ್ಚುವುದನ್ನು ಕಲಿಸಿದರು. ಒಂದು ಹಿಡಿ ಅಕ್ಕಿಯಲ್ಲಿ ಎರಡು ದಿನ ಕಳೆದವಳಿಗೆ ಮಿತವಾಗಿ ಬಳಸುವುದನ್ನು ಬೋಧಿಸಿದರು. ಒಂದು ಕಣ್ಣು ತೆರೆದೇ ನಿದ್ದೆ ಮಾಡಿದವಳಿಗೆ ಬಾಗಿಲು ಭದ್ರಪಡಿಸುವುದನ್ನು ಹೇಳಿಕೊಟ್ಟರು. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಅವಳಿಗೆ ಮನೆ ಬೇಕಿತ್ತು. ಗೊತ್ತಿದ್ದುದನ್ನೇ ಗೊತ್ತಿಲ್ಲದವಳಂತೆ ಕೈಕಟ್ಟಿ ನಿಂತು ಕಲಿತಳು. ಹಸಿವನ್ನಾದರೂ ತಾಳಬಹುದು, ಇದನ್ನು ತಾಳುವುದು ಕಷ್ಟ.

ಮನೆ ನಡೆಸಲು ಬಂದರೆ ಮನೆ ಕೊಡುತ್ತಾರಂತೆ. ಮನೆಯನ್ನೇ ಕೊಡದೆ ನಡೆಸುವುದನ್ನು ಎಲ್ಲಿ ತೋರಿಸಬೇಕು? ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಕೊನೆಗೆ ಒಂದು ಬೆಳಗ್ಗೆ ಪಾರುಪತ್ಯಗಾರ ಮೂಲೆಯ ಮನೆಯ ಬಾಗಿಲು ತೆಗೆದ. ಇವತ್ತೊಂದು ದಿನ ಈ ಮನೆ ನಡೆಸಿ ತೋರಿಸು, ಸರಿಹೋದರೆ ಮನೆ ನಿನ್ನದು ಎಂದ. ಅಕ್ಕಿ, ಬೇಳೆ, ಒಂದು ಚೊಂಬು ಹಾಲು ಕೊಟ್ಟ. ನೋಡಲು ತಾನು ಕಿಟಕಿಯ ಹೊರಗೆ ನಿಂತ.

ಅವನು ಅಷ್ಟು ಮಾತು ಹೇಳಿದ್ದರೂ ಅವಳ ಮನಸ್ಸಿನಲ್ಲಿ ನಿಂತದ್ದು 'ಮನೆ ನಿನ್ನದು' ಎಂಬ ಎರಡೇ ಮಾತು. ಓಡಿಹೋಗಿ ಛತ್ರದಲ್ಲಿದ್ದ ಮೂವರನ್ನು ಮನೆಯೊಕ್ಕಲಿಗೆ ಕರೆದು ಬಂದಳು. ಮಿಂದಳು. ಹೊಸ್ತಿಲು ತೊಳೆದು ರಂಗೋಲಿಯ ಎರಡು ಎಳೆ ಎಳೆದಳು. ಒಲೆಗೆ ಕೈಮುಗಿದು ಹಾಲಿನ ಪಾತ್ರೆಯನ್ನಿಟ್ಟು ಎದುರು ಕೂತಳು.

ಹಾಲು ಕಾಯಿತು. ಕೆನೆಕಟ್ಟಿತು. ಮೆಲ್ಲಗೆ ಏರಿತು. ಅವಳು ಕೈ ಹಾಕಲಿಲ್ಲ. ಹಾಲು ಪಾತ್ರೆಯ ಅಂಚು ದಾಟಿ ಒಲೆಗೆ ಸುರಿಯಿತು. ಅವಳು ಕಣ್ಣು ತುಂಬಿಕೊಂಡು ನಕ್ಕಳು. ಹದಿಮೂರು ವರ್ಷಕ್ಕೆ ಅದೇ ಮೊದಲು.

ಪಾರುಪತ್ಯಗಾರ ಮೆಟ್ಟಿನ ಕಾಲಿನಲ್ಲೇ ರಂಗೋಲಿಯನ್ನು ತುಳಿದು ಒಳಗೆ ನುಗ್ಗಿದ. ಪಾತ್ರೆಯನ್ನು ಎಳೆದು ಕೆಳಗಿಟ್ಟ.

"ಏನಮ್ಮಾ, ಕಣ್ಣೆದುರಿಗೇ ಹಾಲು ಉಕ್ಕಿಹೋಗುತ್ತಿದ್ದರೆ ನಗುತ್ತಾ ಕೂತಿದ್ದೀಯಲ್ಲ!"

"ಉಕ್ಕಲಿ ಅಂತಲೇ ಇಟ್ಟೆ, ಸ್ವಾಮಿ. ಮನೆಯೊಕ್ಕಲಲ್ಲವೇ?"

"ಯಾರ ಮನೆಯೊಕ್ಕಲು? ಮನೆ ಇನ್ನೂ ನಿನ್ನದಾಗಿಲ್ಲ. ಇದು ಪರೀಕ್ಷೆ."

ಅವನಿಗೂ ಒಂದು ಮನೆಯಿತ್ತು. ಅವನ ಹೆಂಡತಿಯೂ ಆ ಮನೆಯಲ್ಲಿ ಹಾಲುಕ್ಕಿಸಿಯೇ ಬಾಳು ಶುರುಮಾಡಿದ್ದಳು. ಆದರೂ ಅವನು ವರ್ತಕನ ಬಳಿಗೆ ಹೋಗಿ ಈ ಹೆಂಗಸಿಗೆ ಹಾಲು ಕಾಯಿಸಲೂ ಬರುವುದಿಲ್ಲ ಎಂದು ವರದಿ ಒಪ್ಪಿಸಿದ. ಹಾಲನ್ನು ಕಾಯಲಾರದವಳು ಮನೆಯನ್ನು ಕಾಯುತ್ತಾಳೆಯೇ, ಇನ್ನೊಂದು ವರ್ಷ ಕಲಿಯಲಿ ಎಂದು ವರ್ತಕ ತೀರ್ಪು ಕೊಟ್ಟ. ವರ್ತಕನ ಹೆಂಡತಿ ಎಂಟು ಖಾಲಿ ಮನೆಗಳಲ್ಲಿ ಉಕ್ಕಿಸಿದ್ದು ಶುಭ. ಬಾಳಲು ಬಂದವಳು ಉಕ್ಕಿಸಿದ್ದು ದುಂದು. ನ್ಯಾಯ ಎಷ್ಟು ಚೆನ್ನಾಗಿದೆ ನೋಡು!

ಮನೆಯೊಕ್ಕಲಿಗೆ ಬಂದ ಮೂವರು ಮಿಂದು, ತಲೆ ಬಾಚಿ, ಬೀದಿಯಲ್ಲಿ ನಿಂತಿದ್ದರು. ಒಬ್ಬ ಮುದುಕ ಎಲ್ಲಿಂದಲೋ ಒಂದು ತೆಂಗಿನಕಾಯಿ ತಂದಿದ್ದ. ನಡೆದದ್ದು ತಿಳಿದು ಅದನ್ನು ಹೊದೆದ ಬಟ್ಟೆಯೊಳಗೆ ಮರೆಮಾಡಿಕೊಂಡ.

ಹೆಂಗಸು ಒಲೆಯನ್ನು ಸಾರಿಸಿದಳು. ನೆಲಕ್ಕೆ ಬಿದ್ದ ಹಾಲನ್ನು ಒರೆಸಿದಳು. ಪಾತ್ರೆ ತೊಳೆದು ಬೋರಲು ಹಾಕಿದಳು. ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳು. ಛತ್ರಕ್ಕೆ ಹೋಗಲಿಲ್ಲ. ಇನ್ನೊಂದು ವರ್ಷ ಒಲೆ ಹಚ್ಚುವುದನ್ನು ಕಲಿಯುವ ತ್ರಾಣ ಅವಳಲ್ಲಿರಲಿಲ್ಲ. ಮುಚ್ಚಿದ ಅಂಗಡಿಯ ಜಗಲಿಗೆ ಹೋದಳು. ಮೂರು ಕಲ್ಲುಗಳು ಅಲ್ಲೇ ಇದ್ದವು.

ಮರುದಿನ ಪಾರುಪತ್ಯಗಾರ ಆ ದಾರಿಯಲ್ಲಿ ಬಂದ. ಅವಳನ್ನು ಕಂಡು ನಾಯಿಬಾಲ ಡೊಂಕು ಎಂದು ಸುಮ್ಮನೆ ಹೇಳಿಲ್ಲ, ಇವರಿಗೆ ಬೀದಿಯೇ ಇಷ್ಟ ಎಂದ. ಊರು ಹೌದೆಂದಿತು. ಎರಡು ವರ್ಷದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಎಲ್ಲರೂ ವರ್ತಕನಿಗೆ ಮರುಗಿದರು. ಅವಳಿಗೆ ಯಾರೂ ಮರುಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಅವನು ಧಡಕ್ಕನೆ ಎದ್ದು ನಿಂತ. ಎದ್ದ ರಭಸಕ್ಕೆ ಸೊಂಟದ ಗೊಂಚಲು ಝಣ್ ಎಂದಿತು.

"ಇದೆಂಥ ಅನ್ಯಾಯ, ಗುರುಗಳೇ! ಆ ಮೂಲೆಯ ಮನೆ ಕೊನೆಗೆ ಏನಾಯಿತು?"

"ಅದರ ಬೀಗದ ಕೈ ಈಗ ತಾನೆ ಸದ್ದು ಮಾಡಿತು, ನೀನೇ ಹೇಳು" ಎಂದರು ಗುರುಗಳು.