ಮಿರಗದ ಹುಳ ಕೆಂಪು ಅಂಗಿ ತೊಟ್ಟದ್ದು

ಊಹಿಸು ನೋಡೋಣ, ನೀಲೂ. ನಿನ್ನೆ ಸಂಜೆ ನೀರಿನ ಟಾಕಿಯ ಹಿಂದಿನ ಈ ಖಾಲಿ ಜಾಗ ದಾಟಿದಾಗ ಇಲ್ಲಿ ಬರೀ ಒಣಹುಲ್ಲು, ಧೂಳು ಇತ್ತು. ಆಮೇಲೆ ಮಳೆ ಬಂತು, ಈ ವರ್ಷದ ಮೊದಲ ಮಳೆ. ಬೆಳಗಾಗೆದ್ದು ತಿರುಗಾಡಲು ಬಂದು ನೋಡಿದರೆ ಹುಲ್ಲಿನ ತುಂಬ ಇವು, ಕೆಂಪು ಮಖಮಲ್ಲಿನ ಪುಟ್ಟ ಪುಟ್ಟ ಹುಳಗಳು. ಏನು ನಡೆದಿರಬಹುದು?

“ಟೇಲರ್ ಮಾನಪ್ಪನ ಅಂಗಡ್ಯಾಗ ನೀರು ಹೊಕ್ಕು ಗುಂಡಿ ಎಲ್ಲಾ ಹರಕೊಂಡು ಬಂದಾವ, ಅಜ್ಜಾ.”

ಗುಂಡಿಗೆ ಕಾಲಿರುತ್ತವೆಯೇ? ಎಣಿಸು. ಎಂಟು. ನಾನು ಕಾಲೇಜಿನಲ್ಲಿ ಓದಿದ ಪುಸ್ತಕದ ಪ್ರಕಾರ ಎಂಟು ಕಾಲಿದ್ದರೆ ಅದು ಹುಳವೇ ಅಲ್ಲ, ಜೇಡನ ಬಳಗ. ನಮ್ಮ ಕಡೆಯವರು ಅದನ್ನೆಲ್ಲ ಕೇಳುವುದಿಲ್ಲ. ಮೃಗಶಿರಾ ಮಳೆಗೆ ಬರುತ್ತದಲ್ಲ, ಮಿರಗದ ಹುಳ ಅಂದುಬಿಡುತ್ತಾರೆ. ನೋಡಿಕೊಂಡು ಕಾಲಿಡು, ತುಳಿಯಬೇಡ. ಬಾ, ಈ ಕಲ್ಲಿನ ಮೇಲೆ ಕೂತು ಹೇಳುತ್ತೇನೆ.

ಲೋಕವೆಲ್ಲ ಹೊಸ ಮನೆಯ ಹಾಗೆ ಇನ್ನೂ ಸುಣ್ಣದ ವಾಸನೆ ಬೀರುತ್ತಿದ್ದ ಕಾಲ. ಆಗ ನೆಲವ್ವನಿಗೆ ಒಬ್ಬಳೇ ಮಗಳು, ಮಳೆ. ಅವಳನ್ನು ದೂರದ ಕಡಲಿನ ಮನೆಗೆ ಕೊಟ್ಟಿದ್ದರು. ಕಡಲವ್ವ ಅತ್ತೆ. ಮಾತು ಸ್ವಲ್ಪ ಉಪ್ಪುಪ್ಪು.

ಮದುವೆಯಾಗಿ ವರ್ಷವಾಯಿತು. ಮಗಳು ತವರಿಗೆ ಬರಬೇಕು. ಆದರೆ ತಾನಾಗಿ ಗಂಟು ಕಟ್ಟಿಕೊಂಡು ಬರುವ ಪದ್ಧತಿ ಇಲ್ಲ. ತವರಿನವರು ಯಾರಾದರೂ ಬುತ್ತಿ ಕಟ್ಟಿಕೊಂಡು ಹೋಗಿ ಕರೆಯಬೇಕು. ನಿನ್ನ ಅಜ್ಜಿಯನ್ನು ಕರೆಯಲು ಅವಳಣ್ಣ ಸೈಕಲ್ ಮೇಲೆ ಹೋಳಿಗೆ ಡಬ್ಬಿ ಇಟ್ಟುಕೊಂಡು ಹೊರಡುತ್ತಿದ್ದ. ಹೋಳಿಗೆ ಅರ್ಧ ದಾರಿಯಲ್ಲೇ... ಇರಲಿ, ಅದು ಬೇರೆ ಕತೆ.

“ಮಗಳನ್ನ ಕರಿಯಾಕ ಯಾರು ಹೋಗತೀರಪ್ಪಾ?” ಎಂದು ನೆಲವ್ವ ಕೇಳಿದಳು.

“ನಾ ಹೋಗತೀನಿ ಬಿಡವ್ವಾ” ಎಂದು ನವಿಲು ಗರಿ ತಿದ್ದಿಕೊಳ್ಳುತ್ತ ಕೂತಿತು. “ನಾ ಹೋಗತೀನಿ, ನಾ ಹೋಗತೀನಿ” ಎಂದು ಕಪ್ಪೆ ಊರಿಗೆಲ್ಲ ಕೇಳುವಂತೆ ಕೂಗಿ, ಕೂಗಿದ್ದರಲ್ಲೇ ದಣಿದು ಕೆಸರಿನಲ್ಲಿ ಮಲಗಿತು. ಕಪ್ಪೆ ಹೋಗಿದೆ ಎಂದು ನವಿಲು ತಿಳಿಯಿತು. ನವಿಲು ಹೋಗಿದೆ ಎಂದು ಕಪ್ಪೆ ತಿಳಿಯಿತು. ಇಬ್ಬರೂ ಹೋಗಿದ್ದಾರೆ ಎಂದು ತಿಳಿದ ನೆಲವ್ವ ಅಂಗಳ ಗುಡಿಸಿ ಬಾಗಿಲಲ್ಲಿ ಕೂತಳು.

ಹತ್ತು ದಿನ ಕಾದಳು. ತಿಂಗಳು ಕಾದಳು. ಇನ್ನೂ ಒಂದು ತಿಂಗಳು ಕಾದಳು. ಬಾವಿ ಒಣಗಿತು, ಹುಲ್ಲು ಒಣಗಿತು, ನೆಲವ್ವನ ಹಿಮ್ಮಡಿ ಒಡೆದು ಉದ್ದುದ್ದ ಬಿರುಕು ಬಿಟ್ಟಿತು.

“ಎಂಟು ದಿನದಾಗ ಆಕಿ ಬರಲಿಲ್ಲಂದ್ರ ನಾ ಉಳಿಯಾಂಗಿಲ್ಲ” ಎಂದು ಅವಳು ತನ್ನಷ್ಟಕ್ಕೇ ಹೇಳಿಕೊಂಡಳು.

ಅತ್ತ ಮಳೆಯೂ ಗಂಟು ಕಟ್ಟಿಟ್ಟು, “ನಮ್ಮವ್ವಗ ನಾ ಬ್ಯಾಡಾಗೀನೇನು” ಎಂದು ಕೊರಗುತ್ತಿದ್ದಳು.

ನೆಲವ್ವನ ಹಿಮ್ಮಡಿಯ ಬಿರುಕಿನಲ್ಲೇ ಒಂದು ಹುಳದ ವಾಸ. ಮಣ್ಣಿನ ಬಣ್ಣ, ಕಡಲೆಕಾಳಿಗಿಂತ ಚಿಕ್ಕದು, ಮೈಮೇಲೆ ಒಂದೆಳೆ ಬಟ್ಟೆಯಿಲ್ಲ. ಅವಳು ಹೇಳಿಕೊಂಡದ್ದು ಅದಕ್ಕೆ ಕೇಳಿಸಿತು.

“ಅವ್ವಾ, ನಾ ಹೋಗಿ ಕರಕೊಂಡು ಬರಲೇನು?”

ನವಿಲು ನಕ್ಕಿತು. “ಮೈಮ್ಯಾಲ ಅರಿವಿ ಇಲ್ಲ, ಬೀಗರ ಮನಿಗೆ ಹೊಂಟಾನ ನೋಡ್ರಿ ದೊಡ್ಡ ಮನಷ್ಯಾ.”

“ಹೋಗತೀನಿ ಅಂದಾಂವ ನೀ ಇನ್ನೂ ಇಲ್ಲೇ ಅದಿಯಲ್ಲ” ಎಂದಿತು ಹುಳ.

ನವಿಲು ಮತ್ತೆ ಗರಿ ತಿದ್ದಿಕೊಳ್ಳತೊಡಗಿತು. ಯಾರೂ ಹೋಗಿಲ್ಲವೆಂಬುದು ನೆಲವ್ವನಿಗೆ ಗೊತ್ತಾದದ್ದೇ ಆಗ.

ಅದೇ ಹೊತ್ತಿಗೆ ಗಾಳಿ ಅಂಗಳ ದಾಟುತ್ತಿತ್ತು. “ನಾ ಕಡಲಿನ ಕಡೆ ಹೊಂಟೀನಿ. ಹತ್ತು, ಗಟ್ಟಿ ಹಿಡಕೋ.”

“ಏನು ಹಿಡಕೊಳ್ಳಲಿ ಮಾವಾ? ನಿನಗ ಕೈಯಿಲ್ಲ, ಜುಟ್ಟಿಲ್ಲ.”

“ಹಂಗಾರ ಬಾಯಿ ಮುಚ್ಚಿಕೊಂಡು ಕೂಡು.”

ಹುಳ ಬಿರುಕಿನಿಂದ ಒಂದು ಚೂರು ಮಣ್ಣು ಎತ್ತಿಕೊಂಡು ಗಾಳಿಯ ಬೆನ್ನೇರಿತು.

ಕಡಲವ್ವ ಬಾಗಿಲಲ್ಲೇ ತಡೆದಳು. “ಸೊಸಿನ್ನ ಕರಿಯಾಕ ಬಂದೀರಿ, ಚೊಲೋ ಆತು. ಬುತ್ತಿ ಎಲ್ಲಿ?”

ಹುಳ ಮುಂಗಾಲು ಚಾಚಿತು. “ಅವ್ವನ ಹಿಮ್ಮಡ್ಯಾಗಿನ ಮಣ್ಣರಿ. ಮನ್ಯಾಗ ಬ್ಯಾರೆ ಏನೂ ಉಳಿದಿಲ್ಲ.”

ಮಳೆ ಒಳಗಿನಿಂದ ಓಡಿಬಂದು ಆ ಚೂರನ್ನು ಅಂಗೈಗೆ ತೆಗೆದುಕೊಂಡಳು. ಅವಳ ಕಣ್ಣಿಂದ ಒಂದೇ ಒಂದು ಹನಿ ಅದರ ಮೇಲೆ ಬಿತ್ತು. ಮಣ್ಣು ಘಮ್ಮೆಂದಿತು. ಕಡಲಿನ ಮನೆಯ ಮೂಲೆಮೂಲೆಗೂ ಆ ವಾಸನೆ ಹರಡಿತು.

ಕಡಲವ್ವ ಅಲೆ ಹಿಂದೆಳೆದುಕೊಂಡು ಬಾಗಿಲು ಬಿಟ್ಟು ನಿಂತಳು. ಆಮೇಲೆ ಹೇಳಿದಳು: “ಹೋಗವಾ. ನಾಲ್ಕು ತಿಂಗಳು ಇದ್ದು ಬಾ. ನಿಮ್ಮವ್ವನ ಹಿಮ್ಮಡಿಗೆ ಚಂದಂಗ ಎಣ್ಣಿ ತಿಕ್ಕು.”

ಮಳೆ ಹೊಸ್ತಿಲು ದಾಟುವ ಮೊದಲು ಹುಳವನ್ನು ನೋಡಿದಳು. “ಕರಿಯಾಕ ಬಂದಾಂವ ನೀ ನನಗ ತಮ್ಮನ ಆದಿ. ನನ್ನ ತಮ್ಮ ಬರೀ ಮೈಯಾಗ ಊರು ಹೊಗೂದು ಬ್ಯಾಡ.” ತನ್ನ ಇಳಕಲ್ ಸೀರೆಯ ಕೆಂಪು ಸೆರಗು ಹರಿದು, ಮಿಂಚಿನ ಸೂಜಿಯಿಂದ ಒಂದು ಅಂಗಿ ಹೊಲಿದಳು. ಎಂಟು ತೋಳಿನ ಅಂಗಿ, ಹೊಲಿಯಲು ಸುಲಭವಲ್ಲ.

ಬೆಳಗು ಹರಿಯುವ ಹೊತ್ತಿಗೆ ಹುಳ ಮುಂದೆ, ಅಕ್ಕ ಹಿಂದೆ, ಅಂಗಳಕ್ಕೆ ಬಂದರು. ತಾಯಿ ಮಗಳು ಅಪ್ಪಿಕೊಂಡರು. ಬಿರುಕೆಲ್ಲ ಕೂಡಿಕೊಂಡವು. ನವಿಲು ನಾಚಿಕೆ ಮುಚ್ಚಿಕೊಳ್ಳಲು ಕುಣಿಯಿತು. ಕಪ್ಪೆ ಎದ್ದು, “ನಾ ಹೇಳಿದ್ದಿಲ್ಲೇನು, ನಾ ಹೇಳಿದ್ದಿಲ್ಲೇನು” ಎಂದು ಶುರುಮಾಡಿತು.

ನೆಲವ್ವ ಹುಳದ ಬೆನ್ನು ಸವರಿ, “ಅಂಗಿ ಭಾಳ ಒಪ್ಪತೈತಿ ನಿನಗ” ಎಂದಳು. ಅದುವರೆಗೆ ಯಾರೂ ಅದನ್ನು ಹೊಗಳಿದ್ದಿಲ್ಲ. ಹುಳ ನಾಚಿ ಎಂಟೂ ಕಾಲು ಒಳಗೆಳೆದುಕೊಂಡು ಮುದುರಿ ಕೂತಿತು. ನೀನು ಈಗ ಬೆರಳು ತಾಗಿಸಿದಾಗ ಮಾಡಿತಲ್ಲ, ಹಾಗೇ.

“ಇಷ್ಟು ದಿನ ಎಲ್ಲಿದ್ದವು ಮತ್ತ?”

ನೆಲವ್ವನ ಹತ್ತಿರ, ಮಣ್ಣಿನೊಳಗೆ. ಅಂಗಿ ಮಾಸಬಾರದಲ್ಲ. ಅಕ್ಕ ಬಂದಾಗ ಮಾತ್ರ ಎದುರುಗೊಳ್ಳಲು ಹೊರಬರುತ್ತವೆ. ಅದಕ್ಕೇ ಮೊದಲ ಮಳೆ ಬಿದ್ದ ಬೆಳಿಗ್ಗೆ ನಮ್ಮ ಓಣಿಯ ಹುಲ್ಲಿನಲ್ಲಿ ನೀನು ಇವನ್ನು ಕಾಣುವುದು. ಆಗಿನ್ನೂ ಕ್ಯಾಲೆಂಡರ್ ಇರಲಿಲ್ಲ ಅನ್ನಬೇಡ, ನಾನು ಎಣಿಸಿ ನೋಡಿದ್ದೇನೆ: ಇದೆಲ್ಲ ನಡೆದದ್ದು ಮಿರಗ ಹುಟ್ಟಿದ ದಿನ, ಜೂನ್ ಏಳು, ಸೋಮವಾರ, ಬೆಳಗಿನ ಆರೂಕಾಲಿಗೆ.