ಗುಬ್ಬಿ ಟಗರು ಹೊತ್ತು ತಂದ ಹಾಲು

ಏಳು ಗುಡ್ಡಗಳಾಚೆ ಕಂಬಳಿಕೋಟೆ ಅಂತ ಒಂದು ರಾಜ್ಯ. ಆರೇ ಗುಡ್ಡ ಅನ್ನುವವರೂ ಇದ್ದಾರೆ. ಅವರು ನಡೆದು ನೋಡಿದವರಲ್ಲ. ಅಲ್ಲಿನ ರಾಜ ಬೊಮ್ಮರಸನಿಗೆ ಕುರಿಗಳೆಂದರೆ ಜೀವ.

ಆ ರಾಜ್ಯದಲ್ಲೊಂದು ಪದ್ಧತಿ. ಮೂರು ತಿಂಗಳು ತುಂಬಿದ ಮರಿಯನ್ನು ಅರಮನೆಯ ತಕ್ಕಡಿಗೆ ಏರಿಸಬೇಕು. ತೂಗಿದವನು ಮರಿಯ ಅಪ್ಪನ ಹೆಸರು ಕೂಗಬೇಕು. ಅವ್ವನ ಹೆಸರು ಯಾರೂ ಕೇಳುತ್ತಿರಲಿಲ್ಲ.

ಮೂರು ವರ್ಷದಿಂದ ತೂಕದಲ್ಲಿ ಮೊದಲು ಬರುತ್ತಿದ್ದದ್ದು ಒಂದೇ ಹೆಸರು, ಬಿರುಗಾಳಿ. ಅದು ಕುರಿಗಳ ಮೇಲ್ವಿಚಾರಕ ಜಟ್ಟೆಪ್ಪನ ಟಗರು. ಅದರ ಕೊಂಬು ಹಿಡಿಸಲೆಂದು ದೊಡ್ಡಿಯ ಬಾಗಿಲನ್ನೇ ಎರಡು ಸಲ ಒಡೆದು ಕಟ್ಟಿಸಿದ್ದರಂತೆ.

ಮೂರನೇ ವರ್ಷ ಜಟ್ಟೆಪ್ಪ ರಾಜನಿಗೆ ಕೈಮುಗಿದ. ರಾಜ್ಯಕ್ಕೆಲ್ಲ ಬಿರುಗಾಳಿ ಒಂದೇ ಸಾಕು, ಉಳಿದ ಟಗರೆಲ್ಲ ಅಡುಗೆಮನೆಗೆ ಹೋಗಲಿ, ಎಲ್ಲಕ್ಕೂ ಮೊದಲು ಮಾಳವ್ವನ ಗಿಡ್ಡ ಟಗರು ಗುಬ್ಬಿ ಹೋಗಲಿ ಅಂದ.

ಕುರಿ ಕಾಯುವ ಮಾಳವ್ವ ಅಲ್ಲೇ ನಿಂತು ಕೇಳಿಸಿಕೊಂಡಳು. ಗುಬ್ಬಿಯ ತಾಯಿ ಹಂಡೆವ್ವ ಅನ್ನೋ ಕುರಿ. ಮೂರು ಮರಿ ಕುಡಿದರೂ ಅದರ ಹಾಲು ನೆಲಕ್ಕೆ ಸೋರುತ್ತಿತ್ತು. ಗುಬ್ಬಿಯನ್ನು ಈದ ದಿನವೇ ಅದು ಸತ್ತಿತು. ಹನಿ ಹಾಲೂ ಸಿಗದೆ, ಮಾಳವ್ವನ ಗಂಜಿ ನೆಕ್ಕಿ ಬೆಳೆದ ಗುಬ್ಬಿ ಗಿಡ್ಡವಾಗಿಯೇ ಉಳಿಯಿತು.

ಮಾಳವ್ವನಿಗೆ ಇನ್ನೊಂದು ಗುಟ್ಟೂ ಗೊತ್ತಿತ್ತು. ಜಟ್ಟೆಪ್ಪ ವರ್ಷವರ್ಷ ಕೆಚ್ಚಲು ಮುಟ್ಟಿ ನೋಡಿ, ಹಾಲಿನ ಕುರಿಗಳನ್ನೆಲ್ಲ ಬಿರುಗಾಳಿಯ ದೊಡ್ಡಿಗೇ ಸೇರಿಸಿಕೊಳ್ಳುತ್ತಿದ್ದ. ಹೇಳಿದರೆ ಕೇಳುವವರ್ಯಾರು? ಆಕೆ ಮೆಲ್ಲಗೆ ಒಂದು ಮಾತು ಎತ್ತಿದಳು.

"ಯಜಮಾನರ, ಮರಿ ತೂಕದಾಗ ತಾಯಿದೇನೂ ಪಾಲಿಲ್ಲೇನ್ರಿ?"

"ತಾಯಿ ಬರೇ ಚೀಲ ಇದ್ದಂಗ ಮುದುಕಿ. ಒಳಗಿನ ಕಾಳು ಅಪ್ಪಂದು."

"ಹಂಗಾದ್ರ ಚೀಲ ಅದಲುಬದಲು ಮಾಡಿದ್ರ ಕಾಳಿಗೇನು ತ್ರಾಸಿಲ್ಲಲ್ರಿ?"

ಜಟ್ಟೆಪ್ಪನ ನಗು ಮೀಸೆಯಲ್ಲೇ ಸಿಕ್ಕಿಕೊಂಡಿತು. ರಾಜ ನೋಡುತ್ತಿದ್ದ. ಒಲ್ಲೆ ಅನ್ನುವುದು ಹೇಗೆ? ಈ ಸಲದ ಮರಿ ತೂಗುವವರೆಗೆ ಗುಬ್ಬಿಯನ್ನು ಮುಟ್ಟಬೇಡಿ ಅಂದ ರಾಜ.

ಕುರಿ ಈಯುವ ಕಾಲ ಬಂತು. ಮಾಳವ್ವ ಬಿರುಗಾಳಿಯ ಮರಿಗಳ ಮೈಗೂ ಗುಬ್ಬಿಯ ಮರಿಗಳ ಮೈಗೂ ಎದುರು ದೊಡ್ಡಿಯ ಬಾಣಂತಿ ಕುರಿಗಳ ಹೆರಿಗೆ ನೀರು ಸವರಿ, ಅತ್ತಲವನ್ನು ಇತ್ತ, ಇತ್ತಲವನ್ನು ಅತ್ತ ಬಿಟ್ಟಳು. ಕುರಿಗಳು ಮೂಸಿ ನೋಡಿ, ತಮ್ಮವೇ ಅಂದುಕೊಂಡು ನೆಕ್ಕಿದವು. ಮೂರು ತಿಂಗಳಿಗೆ ತಕ್ಕಡಿ ಕಟ್ಟಿದರು. ಗುಬ್ಬಿಯ ಮರಿಗಳು ಧಪ್ಪನೆ ನೆಲಕ್ಕಿಳಿದವು. ಬಿರುಗಾಳಿಯ ಮರಿಗಳು ಗಾಳಿಯಲ್ಲೇ ಉಳಿದವು.

"ಇದು ಮೋಸ ಮಹಾರಾಜರ. ಅವು ನನ್ನ ದೊಡ್ಡಿ ಹಾಲು ಕುಡುದು ಬೆಳದಾವ್ರಿ," ಅಂದ ಜಟ್ಟೆಪ್ಪ.

"ಹೌದೇನು? ಹಂಗಾದ್ರ ಇಷ್ಟು ವರ್ಷ ಬಿರುಗಾಳಿ ಮರಿ ಏನು ಕುಡುದು ಬೆಳೆದ್ವು?" ಅಂದ ರಾಜ.

ಜಟ್ಟೆಪ್ಪ ಬಿರುಗಾಳಿಯ ಮರಿಗಳನ್ನು ತಕ್ಕಡಿಯಿಂದ ಇಳಿಸತೊಡಗಿದ.

ಆದರೂ ಗುಬ್ಬಿಯ ಕತ್ತಿನ ಮೇಲಿನ ಕತ್ತಿ ಇನ್ನೂ ಸರಿದಿರಲಿಲ್ಲ. ಹಾಲು ಗೆದ್ದಿತೇ ಹೊರತು ಈ ಗಿಡ್ಡ ಟಗರು ಗೆದ್ದಿಲ್ಲವಲ್ಲ ಅಂದ ರಾಜ. ಅದರ ಹೆಣ್ಣುಮರಿಗಳು ತಾಯಾಗುವವರೆಗೆ ತಡೆಯಿರಿ ಅಂತ ಮಾಳವ್ವ ಸೆರಗೊಡ್ಡಿ ಬೇಡಿದಳು.

ಎರಡೂ ಟಗರಿನ ಹೆಣ್ಣುಮಕ್ಕಳು ಒಂದೇ ದೊಡ್ಡಿಯಲ್ಲಿ ಬೆಳೆದವು, ಒಂದೇ ಹುಲ್ಲು ತಿಂದವು, ಒಂದೇ ವಾರದಲ್ಲಿ ಈದವು. ಬಿರುಗಾಳಿಯ ಮಗಳಂದಿರ ಕೆಚ್ಚಲು ಮುಷ್ಟಿಯಷ್ಟು. ಗುಬ್ಬಿಯ ಮಗಳಂದಿರ ಕೆಚ್ಚಲು ಮೊಣಕಾಲಿಗೆ ತಾಗುತ್ತಿತ್ತು. ಅವಳಿ ಮರಿ ಕುಡಿದು ಬಾಯಿ ಬಿಟ್ಟರೂ ಹಾಲು ತೊಟ್ಟಿಕ್ಕಿ ಮಣ್ಣು ಬೆಳ್ಳಗಾಯಿತು.

ರಾಜ ಕುಕ್ಕುರುಗಾಲಲ್ಲಿ ಕೂತು ಆ ಹಾಲಿಗೆ ಬೆರಳಿಟ್ಟ. ತಲೆಯೆತ್ತಿ ಗುಬ್ಬಿಯನ್ನು ನೋಡಿದ. ಅದು ಮೆಲುಕು ಹಾಕುತ್ತಿತ್ತು. ಗಂಡು. ಜನ್ಮದಲ್ಲಿ ಒಂದು ಹನಿ ಹಾಲು ಕುಡಿದದ್ದಿಲ್ಲ, ಕೊಟ್ಟದ್ದಿಲ್ಲ.

"ಈ ಹಾಲು ಎಲ್ಲಿತ್ತಬೇ?" ಅಂದ ರಾಜ.

"ಇವನ ಸತ್ತ ಅವ್ವ ಹಂಡೆವ್ವಂದ್ರಿ. ಇವ ಹೊತ್ತು ತಂದಾನ," ಅಂದಳು ಮಾಳವ್ವ.

ರಾಜ ಚಪ್ಪಲಿ ಬಿಟ್ಟು ನಿಂತ.

ಗುಬ್ಬಿ ಉಳಿಯಿತು. ಅಂದಿನಿಂದ ತಕ್ಕಡಿಯ ಮುಂದೆ ಮೊದಲು ಅವ್ವನ ಹೆಸರು, ಆಮೇಲೆ ಅಪ್ಪನದು. ಕೂಗುವ ಕೆಲಸ ಜಟ್ಟೆಪ್ಪನಿಗೇ ಬಿತ್ತು. ಮೂರು ಸಾವಿರ ಕುರಿಗಳ ಹೆಸರು ಬಾಯಿಪಾಠ ಮಾಡುತ್ತ ಅವನಿಗೆ ಕೊಬ್ಬುವುದಕ್ಕೆ ಪುರುಸೊತ್ತೇ ಸಿಗಲಿಲ್ಲ.

ಅದಕ್ಕೇ ಮಕ್ಕಳೇ, ಯಾರನ್ನೇ ತೂಗುವಾಗ ಅವರಿಗೆ ಹಾಲು ಕೊಟ್ಟವಳನ್ನು ಕೇಳಿ. ಹಾಲು ಸಿಗದವರನ್ನು ಗಿಡ್ಡರೆಂದು ತಳ್ಳಬೇಡಿ. ಅವರೊಳಗೆ ಏನಿದೆಯೋ ಅವರ ಮಕ್ಕಳೇ ತೋರಿಸಬೇಕು. ಕುರಿ ದೊಡ್ಡಿ ಸೇರಿತು, ಕಥೆಯೂ ಸೇರಿತು. ಅಗಳಿ ಹಾಕಿಕೊಳ್ಳಿ.